ಸೂರ್ಯ ಸಿಡಿದಾಗಲೆಲ್ಲ ಭೂಮಿಯಲ್ಲಿ ಬಿರುಗಾಳಿ ಏಳುವುದಿಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ಗದಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ‘ಸೂರ್ಯನಲ್ಲಿ ಭಾರೀ ಸ್ಫೋಟ, ಭೂಮಿಗೆ ಅಪ್ಪಳಿಸಲಿದೆ ಸೌರ ಬಿರುಗಾಳಿ’ ಅಂತ ಟಿವಿಯಲ್ಲಿ ಆಗಾಗ ಬರುತ್ತದೆ. ಬಹಳ ಸಲ ಏನೂ ಆಗುವುದಿಲ್ಲ. ಆದರೆ 2024ರ ಮೇ ತಿಂಗಳಲ್ಲಿ ಲಡಾಖ್‌ನಲ್ಲೂ ಆಕಾಶ ಕೆಂಪಾಯಿತು. ಬಿರುಗಾಳಿ ಏಳುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಯಾವುದು? ನಮ್ಮ ಹುಬ್ಬಳ್ಳಿ-ಗದಗ ಕಡೆ ಕರೆಂಟಿಗೆ, ಮೊಬೈಲಿಗೆ ಇದರಿಂದ ತೊಂದರೆ ಇದೆಯೇ? ಫೋನಿನ ಕಂಪಾಸ್‌ನಲ್ಲಿ ಇದನ್ನು ಅಳೆಯಬಹುದೇ?

ಉತ್ತರ: ಚಲೋ ಪ್ರಶ್ನೆ ಕೇಳಿದ್ದೀರಿ. ಮುಖ್ಯ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣಕ್ಕೆ ಆಮೇಲೆ ಬರೋಣ. ಇಲ್ಲಿ ಬಿರುಗಾಳಿ ಅಂದರೆ ಗಾಳಿ-ಮಳೆ ಅಲ್ಲ, ಭೂಮಿಯ ಕಾಂತಕ್ಷೇತ್ರ ಅಲುಗಾಡುವುದು. ಸೂರ್ಯನಲ್ಲಿ ಸಿಡಿತ ಎಷ್ಟು ದೊಡ್ಡದು ಅನ್ನುವುದರ ಮೇಲೆ ಇದು ನಿಂತಿಲ್ಲ. ಅಲ್ಲಿಂದ ಹೊರಟ ಸೌರ ಮಾರುತ, ಅಂದರೆ ವಿದ್ಯುತ್ ಕಣಗಳ ಹರಿವು, ಭೂಮಿಯನ್ನು ಮುಟ್ಟುವಾಗ ಅದರೊಳಗಿನ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿರುತ್ತದೆ, ಅದು ಮುಖ್ಯ. ಅದು ದಕ್ಷಿಣಕ್ಕೆ ಮುಖ ಮಾಡಿ, ಜೋರಾಗಿದ್ದು, ಕೆಲವು ಗಂಟೆ ಹಾಗೇ ಉಳಿದರೆ ಬಿರುಗಾಳಿ ಏಳುತ್ತದೆ. ಉತ್ತರಕ್ಕೆ ಮುಖ ಮಾಡಿದ್ದರೆ ಎಷ್ಟೇ ವೇಗವಾಗಿ ಬಂದರೂ ಅದರ ಬಹುಪಾಲು ಭೂಮಿಯನ್ನು ಬಳಸಿಕೊಂಡು ಮುಂದೆ ಹೋಗಿಬಿಡುತ್ತದೆ.

ನೀವು ಗದಗಿನವರು. ಕಪ್ಪತಗುಡ್ಡದ ಕಡೆ ಹೋದಾಗ ಗಾಳಿಯಿಂದ ಕರೆಂಟ್ ತೆಗೆಯುವ ದೊಡ್ಡ ಫ್ಯಾನುಗಳನ್ನು ನೋಡಿರುತ್ತೀರಿ. ಗಾಳಿ ಜೋರಾಗಿ ಬೀಸುತ್ತಿದ್ದರೂ ಕೆಲವು ಸುಮ್ನೆ ನಿಂತಿರುತ್ತವೆ, ಅಲ್ವಾ? ನಿಲ್ಲಿಸಬೇಕಾದಾಗ ರೆಕ್ಕೆಯ ಅಂಚು ಗಾಳಿಗೆ ಎದುರಾಗುವ ಹಾಗೆ ಅದನ್ನು ಹೊರಳಿಸಿಬಿಡುತ್ತಾರೆ. ಗಾಳಿಯ ಕಸುವು ಇದ್ದಷ್ಟೇ ಇದೆ, ಆದರೆ ರೆಕ್ಕೆ ಅದನ್ನು ಹಿಡಿಯುವುದಿಲ್ಲ. ಭೂಮಿಯ ವಿಷಯದಲ್ಲಿ ಆ ಹೊರಳಿಸುವ ಕೆಲಸ ಮಾಡುವುದು ಸೌರ ಮಾರುತವೇ ಹೊತ್ತು ತಂದ ಕಾಂತಕ್ಷೇತ್ರ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸಲೀಸು.

ಸಿಡಿತದ ಗಾತ್ರಕ್ಕೂ ಬಿರುಗಾಳಿಗೂ ನೇರ ಸಂಬಂಧ ಇಲ್ಲ ಅನ್ನುವುದಕ್ಕೆ ಎರಡು ಘಟನೆ ನೋಡಿ. 2014ರ ಅಕ್ಟೋಬರ್‌ನಲ್ಲಿ ಸೂರ್ಯನ ಮೇಲೆ 12192 ಅನ್ನುವ ನಂಬರಿನ ಕಲೆಗಳ ಗುಂಪು ಕಾಣಿಸಿಕೊಂಡಿತು. ಆ ಸೌರಚಕ್ರದಲ್ಲೇ ಅತಿ ದೊಡ್ಡ ಗುಂಪು ಅದು. ಅದರಿಂದ ಎಕ್ಸ್ ವರ್ಗದ ಸೌರಜ್ವಾಲೆಗಳು ಆರು ಸಲ ಬಂದವು. ಎಕ್ಸ್ ಅಂದರೆ ಜ್ವಾಲೆಗಳಲ್ಲಿ ಮೇಲಿನ ವರ್ಗ. ಇಷ್ಟಾಗಿಯೂ ಭೂಮಿಯಲ್ಲಿ ಹೇಳಿಕೊಳ್ಳುವಂಥ ಬಿರುಗಾಳಿ ಏಳಲಿಲ್ಲ. ಯಾಕೆಂದರೆ ಆ ಜ್ವಾಲೆಗಳ ಜೊತೆ ಸೂರ್ಯನಿಂದ ದ್ರವ್ಯ ಹೊರಗೆ ಚಿಮ್ಮಲಿಲ್ಲ. ಇನ್ನೊಂದು ಕಡೆ 2023ರ ಏಪ್ರಿಲ್ 21ರಂದು ಬಂದದ್ದು ಎಂ ವರ್ಗದ, ಅಂದರೆ ಒಂದು ಮೆಟ್ಟಿಲು ಕೆಳಗಿನ, ಸಾಧಾರಣ ಜ್ವಾಲೆ. ಅದರ ಜೊತೆ ಹೊರಬಿದ್ದ ದ್ರವ್ಯ ಎರಡು ದಿನದಲ್ಲಿ ಇಲ್ಲಿಗೆ ಬಂದು ದೊಡ್ಡ ಬಿರುಗಾಳಿಯನ್ನೇ ಎಬ್ಬಿಸಿತು. ಆಗಲೂ ಲಡಾಖ್‌ನ ಹ್ಯಾನ್ಲೆಯಲ್ಲಿ ಕ್ಯಾಮೆರಾ ಕೆಂಪು ಬೆಳಕನ್ನು ಹಿಡಿದಿತ್ತು. ಹಾಗಾಗಿ ಟಿವಿಯವರು ‘ಎಕ್ಸ್ ವರ್ಗದ ಸ್ಫೋಟ’ ಅಂದ ಕೂಡಲೇ ಬಿರುಗಾಳಿ ಬಂತೆಂದು ತಿಳಿಯಬೇಕಿಲ್ಲ. ಜ್ವಾಲೆ ಅಂದರೆ ಬೆಳಕು, ಎಕ್ಸ್-ಕಿರಣ. ಅದು 8 ನಿಮಿಷದಲ್ಲಿ ಇಲ್ಲಿಗೆ ಬರುತ್ತದೆ, ಹಗಲಿರುವ ಕಡೆ ಶಾರ್ಟ್‌ವೇವ್ ರೇಡಿಯೊ ಒಂದಷ್ಟು ಹೊತ್ತು ಕೆಡುತ್ತದೆ, ಅಲ್ಲಿಗೆ ಮುಗಿಯಿತು. ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುವುದು ಆಮೇಲೆ ನಿಧಾನಕ್ಕೆ ಬರುವ ದ್ರವ್ಯ.

ಆ ದ್ರವ್ಯ ಅಂದರೆ ಏನು? ಸೂರ್ಯನ ಹೊರಗಿನ ವಾತಾವರಣ, ಕೊರೋನಾ, ಹತ್ತು ಲಕ್ಷ ಡಿಗ್ರಿಗಿಂತ ಬಿಸಿ. ಅಷ್ಟು ಬಿಸಿ ಇರುವುದನ್ನು ಸೂರ್ಯನ ಗುರುತ್ವಕ್ಕೆ ಪೂರ್ತಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅದು ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಿದು ಹೋಗುತ್ತಿರಲೇಬೇಕು ಎಂದು ಭೌತವಿಜ್ಞಾನಿ ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸೌರ ಮಾರುತ ಅಂದದ್ದು ಈ ಹರಿವನ್ನೇ; ಸಿಡಿತದಲ್ಲಿ ಚಿಮ್ಮಿದ ದ್ರವ್ಯವೂ ಇದರೊಳಗೇ ಬರುತ್ತದೆ. ಆಗ ಬಹಳ ಮಂದಿ ನಂಬಲಿಲ್ಲ. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಅದನ್ನು ಅಳೆದ ಮೇಲೆ ವಾದ ಮುಗಿಯಿತು. ಪಾರ್ಕರ್ ಲೆಕ್ಕ ಹಾಕಿದ್ದು ಕಾಗದದ ಮೇಲೆ, ಸಾಮಾನ್ಯ ಗಣಿತದಲ್ಲಿ. ನಿಮ್ಮ ಬಿ.ಎಸ್ಸಿ. ಗಣಿತ ಇದ್ದರೆ ಹೆಚ್ಚುಕಡಿಮೆ ಹಿಂಬಾಲಿಸಬಹುದು, ಒಮ್ಮೆ ಪ್ರಯತ್ನ ಮಾಡಿ.

ಮಾಮೂಲಿ ದಿನಗಳಲ್ಲಿ ಈ ಮಾರುತದ ವೇಗ ಸೆಕೆಂಡಿಗೆ 300ರಿಂದ 500 ಕಿ.ಮೀ. ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಐದು ಪ್ರೋಟಾನು ಸಿಕ್ಕರೆ ಹೆಚ್ಚು. ನಾವು ಉಸಿರಾಡುವ ಗಾಳಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಆದರೆ ಅದು ಸೂರ್ಯನ ಕಾಂತಕ್ಷೇತ್ರವನ್ನೂ ತನ್ನೊಳಗೇ ಎಳೆದುಕೊಂಡು ಬರುತ್ತದೆ. ಭೂಮಿಯ ಹತ್ತಿರ ಆ ಕ್ಷೇತ್ರದ ಬಲ ಸುಮಾರು 5 ನ್ಯಾನೋಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಒಂದು ಸಣ್ಣ ಮಾನ). ನಮ್ಮ ಗದಗ-ಹುಬ್ಬಳ್ಳಿ ನೆಲದ ಮೇಲೆ ಭೂಮಿಯ ಸ್ವಂತ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ. ಎಲ್ಲಿಯ 5, ಎಲ್ಲಿಯ 40,000! ಇಷ್ಟು ಸಣ್ಣದು ಅಷ್ಟು ದೊಡ್ಡದನ್ನು ಹೇಗೆ ಅಲುಗಾಡಿಸುತ್ತದೆ ಅಂತ ನಿಮಗೆ ಅನ್ನಿಸಬೇಕು. ನಾನು ಧಾರವಾಡದಲ್ಲಿ ಪಾಠ ಮಾಡುವಾಗ ಮಕ್ಕಳು ಇಲ್ಲಿಗೆ ಬಂದ ಕೂಡಲೇ ಕೈ ಎತ್ತುತ್ತಾರೆ.

ಅದಕ್ಕೆ ನೆಲ ಬಿಟ್ಟು ಮೇಲಕ್ಕೆ ಹೋಗಬೇಕು. ಭೂಮಿಯ ಕ್ಷೇತ್ರ ದೂರ ಹೋದಂತೆ ಬಹಳ ಬೇಗ ಕ್ಷೀಣಿಸುತ್ತದೆ, ದೂರದ ಘನಕ್ಕೆ ವಿಲೋಮವಾಗಿ. ಸೂರ್ಯನ ಕಡೆಗೆ ಸುಮಾರು ಹತ್ತು ಭೂತ್ರಿಜ್ಯ, ಅಂದರೆ 64,000 ಕಿ.ಮೀ. ದೂರಕ್ಕೆ ಹೋದರೆ ಅದು ಕೆಲವೇ ಹತ್ತು ನ್ಯಾನೋಟೆಸ್ಲಾಗೆ ಇಳಿದಿರುತ್ತದೆ. ಮಾರುತದ ಒತ್ತಡಕ್ಕೂ ಭೂಮಿಯ ಕ್ಷೇತ್ರದ ಒತ್ತಡಕ್ಕೂ ಅಲ್ಲಿ ಸಮಸಮ ಆಗುತ್ತದೆ. ಅದೇ ನಮ್ಮ ಕಾಂತಗೋಳದ, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ಜಾಗದ, ಗಡಿ. ಮಾರುತ ಜೋರಾದರೆ ಅಥವಾ ದಟ್ಟವಾದರೆ ಗಡಿ ಒಳಕ್ಕೆ ಸರಿಯುತ್ತದೆ. ತೀರಾ ದೊಡ್ಡ ಬಿರುಗಾಳಿಗಳಲ್ಲಿ ಟಿವಿ ಉಪಗ್ರಹಗಳು ಸುತ್ತುವ 36,000 ಕಿ.ಮೀ. ಎತ್ತರಕ್ಕಿಂತಲೂ ಒಳಗೆ ಬಂದುಬಿಟ್ಟದ್ದುಂಟು. ಆಗ ಆ ಉಪಗ್ರಹಗಳು ಭೂಮಿಯ ರಕ್ಷಣೆ ಇಲ್ಲದೆ ನೇರ ಸೌರ ಮಾರುತದಲ್ಲೇ ಇರುತ್ತವೆ.

ಆದರೆ ಒತ್ತುವುದಷ್ಟೇ ಬಿರುಗಾಳಿ ಅಲ್ಲ. ಒತ್ತಿದಾಗ ನೆಲದ ಮೇಲಿನ ಕಾಂತಮಾಪಕದಲ್ಲಿ ಕ್ಷೇತ್ರ ಥಟ್ಟನೆ ಒಂದಷ್ಟು ಏರುತ್ತದೆ. ಬರೀ ಒತ್ತಡವಾದರೆ ಕೆಲವು ಗಂಟೆಗಳಲ್ಲಿ ಅದು ಸಮ ಆಗುತ್ತದೆ. ನಿಜವಾದ ಬಿರುಗಾಳಿಯಲ್ಲಿ ಕ್ಷೇತ್ರ ಏರುವುದಲ್ಲ, ಇಳಿಯುವುದು. ಅದಕ್ಕೆ ಶಕ್ತಿ ಒಳಗೆ ಬರಬೇಕು. ಒಳಗೆ ಬರುವ ದಾರಿಯನ್ನು 1961ರಲ್ಲಿ ಭೌತವಿಜ್ಞಾನಿ ಜೇಮ್ಸ್ ಡಂಜಿ ಹೇಳಿದರು. ಭೂಮಿಯ ಮುಂಭಾಗದ ಗಡಿಯಲ್ಲಿ ನಮ್ಮ ಬಲರೇಖೆಗಳು ಉತ್ತರಕ್ಕೆ ಮುಖ ಮಾಡಿರುತ್ತವೆ. ಬರುವ ಮಾರುತದ ಬಲರೇಖೆಗಳೂ ಉತ್ತರಕ್ಕೇ ಇದ್ದರೆ ಎರಡೂ ಒಂದರ ಪಕ್ಕ ಒಂದು ಒತ್ತಿಕೊಂಡು ನಿಲ್ಲುತ್ತವೆ, ಬೆರೆಯುವುದಿಲ್ಲ. ದಕ್ಷಿಣಕ್ಕಿದ್ದರೆ ಎದುರುಬದುರಾಗಿ ಒಂದನ್ನೊಂದು ಅಳಿಸಿ, ಕಡಿದು, ಬೇರೆ ರೀತಿಯಲ್ಲಿ ಮರುಜೋಡಣೆ ಆಗುತ್ತವೆ. ಈಗ ರೇಖೆಯ ಒಂದು ತುದಿ ಭೂಮಿಯ ಧ್ರುವದಲ್ಲಿ, ಇನ್ನೊಂದು ತುದಿ ಸೆಕೆಂಡಿಗೆ ನೂರಾರು ಕಿ.ಮೀ. ಓಡುತ್ತಿರುವ ಮಾರುತದಲ್ಲಿ. ಮಾರುತ ಓಡುತ್ತಾ ಆ ರೇಖೆಗಳನ್ನು ಧ್ರುವಗಳ ಮೇಲಿಂದ ಎಳೆದು ಭೂಮಿಯ ಹಿಂದೆ, ರಾತ್ರಿಯ ಕಡೆ ಇರುವ ಉದ್ದನೆಯ ಕಾಂತಬಾಲದಲ್ಲಿ ಒಟ್ಟುತ್ತದೆ. ಅಲ್ಲಿ ಶಕ್ತಿ ಸೇರುತ್ತಾ ಹೋಗುತ್ತದೆ. ಒಂದು ಮಿತಿ ಮೀರಿದ ಮೇಲೆ ಬಾಲದಲ್ಲೂ ರೇಖೆಗಳು ಕಡಿದು ಜೋಡಣೆಯಾಗಿ, ಕಣಗಳು ಭೂಮಿಯ ಕಡೆಗೆ ಬಿರುಸಾಗಿ ನುಗ್ಗುತ್ತವೆ.

ಹೀಗೆ ಒಳಗೆ ಬಂದ ಕಣಗಳಲ್ಲಿ ಕೆಲವು ಧ್ರುವದ ಹತ್ತಿರ ವಾತಾವರಣಕ್ಕೆ ಬಡಿದು ಅರೋರಾ, ಅಂದರೆ ಧ್ರುವಪ್ರಭೆಯ ಬೆಳಕು ಕೊಡುತ್ತವೆ. ನಮ್ಮಂಥ ಉಷ್ಣವಲಯದವರಿಗೆ ಹೆಚ್ಚು ಮುಖ್ಯವಾದದ್ದು ಇನ್ನೊಂದಿದೆ. ಬಂದ ಪ್ರೋಟಾನು, ಆಕ್ಸಿಜನ್ ಅಯಾನುಗಳು ಭೂಮಿಯ ಕ್ಷೇತ್ರದಲ್ಲಿ ಸಿಕ್ಕಿಹಾಕಿಕೊಂಡು ಪಶ್ಚಿಮಕ್ಕೆ ಸರಿಯುತ್ತವೆ, ಎಲೆಕ್ಟ್ರಾನುಗಳು ಪೂರ್ವಕ್ಕೆ. ಎರಡೂ ಸೇರಿ ಸಮಭಾಜಕದ ಮೇಲೆ ಹತ್ತಾರು ಸಾವಿರ ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುವರಿದ ಒಂದು ದೊಡ್ಡ ವಿದ್ಯುತ್ ಪ್ರವಾಹ ಆಗುತ್ತದೆ. ಇದಕ್ಕೆ ರಿಂಗ್ ಕರೆಂಟ್ ಅಂತಾರೆ. ಇದು ಹರಿಯುವುದು ಪಶ್ಚಿಮಕ್ಕೆ. ಬಲಗೈ ನಿಯಮ ಹಾಕಿ ನೋಡಿ, ಇದರಿಂದ ನೆಲದ ಮೇಲೆ ಹುಟ್ಟುವ ಕ್ಷೇತ್ರ ದಕ್ಷಿಣಕ್ಕೆ, ಅಂದರೆ ಭೂಮಿಯ ಕ್ಷೇತ್ರಕ್ಕೆ ವಿರುದ್ಧ. ಅದಕ್ಕೇ ಇಳಿಕೆ. ಆ ಇಳಿಕೆಯೇ ಬಿರುಗಾಳಿಯ ಅಳತೆ.

ಈ ಇಳಿಕೆಗೆ ಡಿಎಸ್‌ಟಿ ಅನ್ನುವ ಸೂಚ್ಯಂಕ ಇದೆ. ಜಪಾನಿನ ಕಾಕಿಯೋಕಾ, ಹೊನೊಲುಲು, ಪೋರ್ಟೊರಿಕೊದ ಸ್ಯಾನ್ ಹ್ವಾನ್, ದಕ್ಷಿಣ ಆಫ್ರಿಕಾದ ಹರ್ಮೇನಸ್, ಈ ನಾಲ್ಕು ಕಡೆಯ ಅಳತೆ ಸೇರಿಸಿ ಕ್ಯೋಟೋದವರು ಗಂಟೆಗೊಂದು ಅಂಕಿ ಕೊಡುತ್ತಾರೆ. ಮೈನಸ್ 50 ನ್ಯಾನೋಟೆಸ್ಲಾ ಆದರೆ ಮಧ್ಯಮ, ಮೈನಸ್ 100 ದಾಟಿದರೆ ತೀವ್ರ. 1989ರ ಮಾರ್ಚ್‌ನಲ್ಲಿ ಅದು ಮೈನಸ್ 589ಕ್ಕೆ ಹೋಗಿತ್ತು. ಆಗಲೇ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಒಂದೂವರೆ ನಿಮಿಷದಲ್ಲಿ ಇಡೀ ವಿದ್ಯುತ್ ಜಾಲ ಕುಸಿದು, ಸುಮಾರು 60 ಲಕ್ಷ ಜನ 9 ಗಂಟೆ ಕತ್ತಲಲ್ಲಿ ಇದ್ದದ್ದು.

ನಮ್ಮ ದೇಶಕ್ಕೆ ಇದರಲ್ಲಿ ದೊಡ್ಡ ಪಾಲಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಒಂದು ಬಿಳಿ ಮಿಂಚನ್ನು ಕಂಡರು. ಹದಿನೇಳೂವರೆ ಗಂಟೆಯಲ್ಲಿ ಬಿರುಗಾಳಿ ಭೂಮಿಗೆ ಬಂತು. ಆಗ ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಕ್ಷೇತ್ರವನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಬರೆದಿಡುತ್ತಿದ್ದರು. ಆ ದಾಖಲೆಯಲ್ಲಿ ಇಳಿಕೆ ಸುಮಾರು 1,600 ನ್ಯಾನೋಟೆಸ್ಲಾ. ಭಾರತೀಯ ಭೂಕಾಂತತ್ವ ಸಂಸ್ಥೆಯವರೂ ಸೇರಿದ್ದ ತಂಡ 2003ರಲ್ಲಿ ಆ ಹಳೆಯ ಲೆಕ್ಕವನ್ನು ಹೊರತೆಗೆದು ಪ್ರಕಟಿಸಿದ ಮೇಲೆ ಜಗತ್ತಿನಲ್ಲಿ ಕ್ಯಾರಿಂಗ್ಟನ್ ಬಿರುಗಾಳಿಯ ಬಲದ ಬಗ್ಗೆ ಮಾತಾಡುವವರೆಲ್ಲ ಈ ಮುಂಬೈ ದಾಖಲೆಯನ್ನೇ ಎತ್ತಿಕೊಳ್ಳುತ್ತಾರೆ. ಮುಂಬೈಗೆ ಕರೆಂಟಿನ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಅಂತ ಆ ಕೆಲಸವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಇವತ್ತಿಗೂ ಅಲ್ಲಿ ಅಳೆಯುತ್ತಿದ್ದಾರೆ.

ಈಗ ದಿಕ್ಕಿನ ಮಾತಿಗೆ ಅತ್ಯಂತ ಗಟ್ಟಿ ಸಾಕ್ಷಿ. 1972ರ ಆಗಸ್ಟ್ 4ರಂದು ಬಂದ ಸೌರ ದ್ರವ್ಯ ಸೂರ್ಯನಿಂದ ಇಲ್ಲಿಗೆ 14.6 ಗಂಟೆಯಲ್ಲಿ ತಲುಪಿತು. ಕ್ಯಾರಿಂಗ್ಟನ್‌ಗಿಂತಲೂ ವೇಗ, ಅಳತೆಗೆ ಸಿಕ್ಕವುಗಳಲ್ಲೇ ಅತಿ ವೇಗ. ಅದು ಬಡಿದ ರಭಸಕ್ಕೆ ವಿಯೆಟ್ನಾಂ ಸಮುದ್ರದಲ್ಲಿ ಅಮೆರಿಕದ ನೌಕಾಪಡೆ ಹಾಕಿದ್ದ ಕಾಂತೀಯ ಮೈನುಗಳು ತಾವಾಗಿಯೇ ಸಿಡಿದವು. ಹಾಗಾದರೆ ಡಿಎಸ್‌ಟಿ ಎಷ್ಟಕ್ಕೆ ಇಳಿದಿರಬೇಕು? ಬರೀ ಮೈನಸ್ 125. 1989ರದರ ಕಾಲು ಭಾಗವೂ ಇಲ್ಲ. ಆ ಮೋಡದೊಳಗಿನ ಕ್ಷೇತ್ರ ಬಹುಮಟ್ಟಿಗೆ ಉತ್ತರಕ್ಕೆ ಮುಖ ಮಾಡಿತ್ತು. ಒತ್ತಿತು, ಥಟ್ಟನೆ ಅಲುಗಿಸಿತು, ಆದರೆ ಶಕ್ತಿ ಒಳಗೆ ಇಳಿಯಲಿಲ್ಲ. ಇದೇ ದ್ರವ್ಯ ದಕ್ಷಿಣಕ್ಕೆ ಹೊರಳಿ ಬಂದಿದ್ದರೆ ಕಥೆಯೇ ಬೇರೆ.

ಲೆಕ್ಕವನ್ನೂ ಸ್ವಲ್ಪ ನೋಡೋಣ, ನೀವು ವಿಜ್ಞಾನದವರು ಅಂತ ಹೇಳುತ್ತಿದ್ದೇನೆ. ಮಾರುತದ ವೇಗವನ್ನು ಅದರ ದಕ್ಷಿಣಮುಖ ಕ್ಷೇತ್ರದಿಂದ ಗುಣಿಸಿದರೆ ಒಂದು ವಿದ್ಯುತ್ ಕ್ಷೇತ್ರ ಸಿಗುತ್ತದೆ. ಸೆಕೆಂಡಿಗೆ 500 ಕಿ.ಮೀ. ವೇಗ, ದಕ್ಷಿಣಕ್ಕೆ 20 ನ್ಯಾನೋಟೆಸ್ಲಾ ಇದ್ದರೆ ಮೀಟರಿಗೆ 10 ಮಿಲಿವೋಲ್ಟ್. ಈ ಅಂಕಿಯೇ ಕಾಂತಗೋಳವನ್ನು ಓಡಿಸುವುದು. 1975ರಲ್ಲಿ ಬರ್ಟನ್, ಮೆಕ್‌ಫೆರಾನ್, ರಸೆಲ್ ಎಂಬ ಮೂವರು ಇದಕ್ಕೆ ಸರಳವಾದ ಸೂತ್ರ ಕೊಟ್ಟರು. ಆ ವಿದ್ಯುತ್ ಕ್ಷೇತ್ರ 0.5 ಮಿಲಿವೋಲ್ಟ್ ದಾಟಿದ ಮೇಲೆ, ಮೇಲಿನ ಪ್ರತಿ ಮಿಲಿವೋಲ್ಟಿಗೆ ಡಿಎಸ್‌ಟಿ ಗಂಟೆಗೆ ಸುಮಾರು 5.4 ನ್ಯಾನೋಟೆಸ್ಲಾ ಇಳಿಯುತ್ತದೆ. ಅದೇ ಹೊತ್ತಿಗೆ ರಿಂಗ್ ಕರೆಂಟ್ ಸೋರುತ್ತಲೂ ಇರುತ್ತದೆ, ಸುಮಾರು 7.7 ಗಂಟೆಯ ಲೆಕ್ಕದಲ್ಲಿ. ಅಂದರೆ ಹೊಸದಾಗಿ ಶಕ್ತಿ ಬರದಿದ್ದರೆ ಅಷ್ಟು ಹೊತ್ತಿನಲ್ಲಿ ಅದು ಮೂರನೇ ಒಂದು ಪಾಲಿನ ಸುಮಾರಿಗೆ ಇಳಿಯುತ್ತದೆ. ನಮ್ಮ 10 ಮಿಲಿವೋಲ್ಟಿನ ಉದಾಹರಣೆಗೆ ಹಾಕಿ ನೋಡಿ. ಮೊದಲ ಗಂಟೆಗೆ ಸುಮಾರು 50 ಇಳಿಯುತ್ತದೆ. ಮೂರು ಗಂಟೆ ಹಾಗೇ ಇದ್ದರೆ ಮೈನಸ್ 120 ದಾಟುತ್ತದೆ. ಅದೇ ಕ್ಷೇತ್ರ ಬರೀ 20 ನಿಮಿಷ ದಕ್ಷಿಣಕ್ಕಿದ್ದು ಮತ್ತೆ ಉತ್ತರಕ್ಕೆ ಹೊರಳಿದರೆ 20 ಕೂಡ ಇಳಿಯುವುದಿಲ್ಲ. ಹೊತ್ತು ಎಷ್ಟು ಮುಖ್ಯ ಅನ್ನುವುದು ಇಲ್ಲಿ ಕಾಣುತ್ತದೆ. ಮಾರುತದ ದಕ್ಷಿಣಮುಖ ಕ್ಷೇತ್ರ 10 ನ್ಯಾನೋಟೆಸ್ಲಾಗಿಂತ ಹೆಚ್ಚಾಗಿ, ಮೂರು ಗಂಟೆಗಿಂತ ಜಾಸ್ತಿ ಹೊತ್ತು ಇದ್ದರೆ ತೀವ್ರ ಬಿರುಗಾಳಿ ಅನ್ನುವ ಅಂದಾಜು ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ.

ಹಾಗಾದರೆ ದಕ್ಷಿಣಮುಖ ಕ್ಷೇತ್ರ ಎಲ್ಲಿಂದ ಬರುತ್ತದೆ? ಮಾಮೂಲಿ ಮಾರುತದಲ್ಲಿ ಅದು ಜಾಸ್ತಿ ಇರುವುದಿಲ್ಲ. ಸೂರ್ಯ ತಿರುಗುವುದರಿಂದ ಅದರ ಬಲರೇಖೆಗಳು ಸುರುಳಿಯಾಗಿ, ಹೆಚ್ಚುಕಡಿಮೆ ಭೂಮಿಯ ಕಕ್ಷೆಯ ಸಮತಲದಲ್ಲೇ ಮಲಗಿರುತ್ತವೆ. ಮೇಲೆ ಕೆಳಗೆ ಏಳುವುದು ಕಡಿಮೆ. ದೊಡ್ಡ ಪ್ರಮಾಣದಲ್ಲಿ ಏಳಬೇಕಾದರೆ ಸೂರ್ಯನಿಂದ ಕರೋನಲ್ ಮಾಸ್ ಇಜೆಕ್ಷನ್, ಸಿಎಂಇ ಅಂತಾರಲ್ಲ, ಅದು ಬರಬೇಕು. ನೂರಾರು ಕೋಟಿ ಟನ್ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಬಿಸಿ ಅನಿಲ, ಒಮ್ಮೆಲೇ ಚಿಮ್ಮುವುದು ಅದು. ಅದರೊಳಗೆ ಬಲರೇಖೆಗಳು ಸುತ್ತಿಕೊಂಡು ಕಟ್ಟಾಗಿರುತ್ತವೆ. ಆ ಕಟ್ಟು ಭೂಮಿಯನ್ನು ದಾಟಿ ಹೋಗಲು ಒಂದು ದಿನವೇ ಹಿಡಿಯಬಹುದು. ಮುಂಭಾಗದಲ್ಲಿ ಉತ್ತರಕ್ಕಿದ್ದ ಕ್ಷೇತ್ರ ಹಿಂಭಾಗದಲ್ಲಿ ದಕ್ಷಿಣಕ್ಕೆ ತಿರುಗಿರುವುದೂ ಉಂಟು, ಅದಕ್ಕೇ ಕೆಲವು ಸಲ ಸಿಎಂಇ ಬಂದು ಬಡಿದ ಎಷ್ಟೋ ಗಂಟೆಗಳ ಮೇಲೆ ಬಿರುಗಾಳಿ ಶುರುವಾಗುತ್ತದೆ, ಅಷ್ಟರಲ್ಲಿ ಟಿವಿಯವರು ‘ಅಪಾಯ ತಪ್ಪಿತು’ ಅಂತ ಹೇಳಿ ಮುಗಿಸಿರುತ್ತಾರೆ. ಸಿಎಂಇಯ ಮುಂದೆ ಒತ್ತಿ ಗುಡ್ಡೆಯಾದ ಮಾರುತದಲ್ಲೂ ಬಲವಾದ ದಕ್ಷಿಣ ಕ್ಷೇತ್ರ ಸಿಗಬಹುದು.

ಇನ್ನೊಂದು ಮೂಲ ಕೊರೋನಾದ ರಂಧ್ರಗಳು, ಅಂದರೆ ಬಲರೇಖೆಗಳು ಹೊರಕ್ಕೆ ತೆರೆದುಕೊಂಡಿರುವ ಜಾಗಗಳು. ಅಲ್ಲಿಂದ ಸೆಕೆಂಡಿಗೆ 700-800 ಕಿ.ಮೀ. ವೇಗದ ಮಾರುತ ಹೊರಡುತ್ತದೆ. ಸೂರ್ಯ ತಿರುಗಿದಂತೆ ಅದು ಸುಮಾರು 27 ದಿನಕ್ಕೊಮ್ಮೆ ಭೂಮಿಯ ಕಡೆ ಬರುತ್ತದೆ. ಇದರಿಂದ ಏಳುವ ಬಿರುಗಾಳಿ ಸಾಮಾನ್ಯವಾಗಿ ಸಣ್ಣದು, ಆದರೆ ದಿನಗಟ್ಟಲೆ ಇರುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬಿರುಗಾಳಿ ಜಾಸ್ತಿ. ಆಗ ಭೂಮಿಯ ಕಾಂತ ಅಕ್ಷ ವಾಲಿರುವ ರೀತಿಯಿಂದಾಗಿ, ಸಮತಲದಲ್ಲಿ ಮಲಗಿದ ಕ್ಷೇತ್ರದ ಒಂದು ಭಾಗವೂ ನಮಗೆ ದಕ್ಷಿಣಮುಖವಾಗಿ ಸಿಗುತ್ತದೆ. ಇಲ್ಲೂ ದಿಕ್ಕಿನದ್ದೇ ಮಾತು.

ಈಗ 2024ರ ಮೇಗೆ ಬರೋಣ. 13664 ನಂಬರಿನ ಕಲೆಗಳ ಗುಂಪಿನಿಂದ ಮೇ 8ರಿಂದ ಒಂದರ ಹಿಂದೆ ಒಂದು ಸಿಎಂಇ ಹೊರಟವು. ಹಿಂದಿನವು ಮುಂದಿನವನ್ನು ಹಿಡಿದು ಒತ್ತಿದವು. ಒತ್ತಿದಾಗ ಒಳಗಿನ ಕ್ಷೇತ್ರವೂ ಬಲಗೊಳ್ಳುತ್ತದೆ. ಮೇ 10ರ ರಾತ್ರಿ ನಮ್ಮ ಸಮಯ ಹತ್ತೂವರೆ ಸುಮಾರಿಗೆ ಅದು ಭೂಮಿಗೆ ಬಡಿಯಿತು. ಮಾರುತದ ವೇಗ 700 ಕಿ.ಮೀ. ಆಸುಪಾಸು, ಮುಂದೆ ಇನ್ನೂ ಏರಿತು. ದಕ್ಷಿಣಮುಖ ಕ್ಷೇತ್ರ ಒಂದು ಹಂತದಲ್ಲಿ 50 ನ್ಯಾನೋಟೆಸ್ಲಾ ಹತ್ತಿರ ಹೋಯಿತು, ಮಾಮೂಲಿಗಿಂತ ಹತ್ತು ಪಟ್ಟು. ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ಡಿಎಸ್‌ಟಿ ಮೈನಸ್ 400ಕ್ಕಿಂತ ಕೆಳಗೆ. 2003ರ ನಂತರ ಇಷ್ಟು ದೊಡ್ಡದು ಬಂದಿರಲಿಲ್ಲ. ಆ ರಾತ್ರಿ ಹ್ಯಾನ್ಲೆಯ ಕ್ಯಾಮೆರಾಗಳು ಉತ್ತರ ದಿಗಂತದ ಮೇಲೆ ಕೆಂಪು ಬೆಳಕು ಹಿಡಿದವು. ಅದು 200 ಕಿ.ಮೀ.ಗಿಂತ ಎತ್ತರದಲ್ಲಿ ಆಕ್ಸಿಜನ್ ಪರಮಾಣು ಕೊಡುವ ಬೆಳಕು. ಅಷ್ಟು ಎತ್ತರದಲ್ಲಿ ಇರುವುದರಿಂದಲೇ ದೂರದ ಲಡಾಖಿಗೂ ದಿಗಂತದ ಅಂಚಿನಲ್ಲಿ ಕಂಡದ್ದು. ಗದಗ ಹ್ಯಾನ್ಲೆಯಿಂದ ಸುಮಾರು 17 ಡಿಗ್ರಿ ಅಕ್ಷಾಂಶ ದಕ್ಷಿಣಕ್ಕಿದೆ, ಅದೇ ಬೆಳಕು ನಮಗೆ ದಿಗಂತದ ಕೆಳಗೆ ಉಳಿಯಿತು.

ಇಷ್ಟೆಲ್ಲ ಗೊತ್ತಿದ್ದರೂ ಮುನ್ಸೂಚನೆ ಯಾಕೆ ತಪ್ಪುತ್ತದೆ? ಸಿಎಂಇ ಹೊರಟದ್ದು ಕಾಣುತ್ತದೆ. ಅದರ ವೇಗ, ಹೆಚ್ಚುಕಡಿಮೆ ಯಾವಾಗ ಬರುತ್ತದೆ ಅನ್ನುವುದೂ ಅಂದಾಜಿಗೆ ಸಿಗುತ್ತದೆ. ಅದೂ ಒಮ್ಮೊಮ್ಮೆ ಕೈಕೊಡುತ್ತದೆ. 2014ರ ಜನವರಿ 7ರಂದು ಸೂರ್ಯನ ನಡುಭಾಗದ ಹತ್ತಿರದಿಂದಲೇ ಬಹಳ ವೇಗದ ಸಿಎಂಇ ಹೊರಟಿತು, ಎಲ್ಲರೂ ಎಚ್ಚರಿಕೆ ಕೊಟ್ಟರು, ಅದು ದಾರಿಯಲ್ಲಿ ಪಕ್ಕಕ್ಕೆ ವಾಲಿ ಹೋಯಿತು. ಆದರೆ ನಿಜವಾದ ಕಷ್ಟ ಒಳಗಿನ ಕ್ಷೇತ್ರದ ದಿಕ್ಕು. ದೂರದಿಂದ ಚಿತ್ರ ತೆಗೆದು ಅದನ್ನು ತಿಳಿಯಲು ಸದ್ಯಕ್ಕೆ ನಂಬಬಹುದಾದ ವಿಧಾನ ಇಲ್ಲ. ಮಾರುತದೊಳಗೇ ಉಪಕರಣ ಇಟ್ಟು ಅಳೆಯಬೇಕು. ಅದಕ್ಕೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್-1 ಬಿಂದುವಿನಲ್ಲಿ ನೌಕೆಗಳನ್ನು ಇಟ್ಟಿದ್ದಾರೆ. ಅಮೆರಿಕದ ಏಸ್ 1997ರಲ್ಲಿ ಹೋದದ್ದು. ನಮ್ಮ ಇಸ್ರೋದ ಆದಿತ್ಯ-ಎಲ್1 ಅನ್ನು 2023ರ ಸೆಪ್ಟೆಂಬರ್ 2ರಂದು ಉಡಾಯಿಸಿ, 2024ರ ಜನವರಿ 6ರಂದು ಅಲ್ಲಿನ ಕಕ್ಷೆಗೆ ಸೇರಿಸಿದರು. ಅದರಲ್ಲಿ ಕೊರೋನಾ ನೋಡುವ ದೂರದರ್ಶಕವೂ ಇದೆ, ಮಾರುತದ ಕಣಗಳನ್ನು ಅಳೆಯುವ ಆಸ್ಪೆಕ್ಸ್, ಪಾಪಾ ಉಪಕರಣಗಳೂ ಇವೆ, ಕಾಂತಮಾಪಕವೂ ಇದೆ. ಮೇ ಬಿರುಗಾಳಿಯ ಮಾರುತವನ್ನು ಆಸ್ಪೆಕ್ಸ್ ಅಳೆಯಿತು. ಅಲ್ಲಿಂದ ಇಲ್ಲಿಗೆ 500 ಕಿ.ಮೀ. ವೇಗದ ಮಾರುತ ಬರಲು 50 ನಿಮಿಷ, 800 ಕಿ.ಮೀ. ಆದರೆ ಅರ್ಧ ಗಂಟೆ. ದಿಕ್ಕಿನ ಬಗ್ಗೆ ಖಚಿತವಾಗಿ ಸಿಗುವ ಮುನ್ಸೂಚನೆ ಅಷ್ಟೇ. ಎರಡು ದಿನ ಮೊದಲೇ ‘ಭಯಂಕರ ಬಿರುಗಾಳಿ ಖಚಿತ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ‘ಬರಬಹುದು’ ಅಂದರೆ ಅದು ಪ್ರಾಮಾಣಿಕ ಮಾತು.

ಇನ್ನು ನಮ್ಮ ಕಡೆಯ ಮಾತು. ಕರೆಂಟಿಗೆ ಹೆದರಬೇಕಿಲ್ಲ. ಕ್ವಿಬೆಕ್ ಅರೋರಾ ವಲಯದ ಕೆಳಗಿದೆ, ಅಲ್ಲಿ ಸುಮಾರು 100 ಕಿ.ಮೀ. ಎತ್ತರದಲ್ಲೇ ಭಾರೀ ವಿದ್ಯುತ್ ಪ್ರವಾಹ ಏರಿಳಿಯುತ್ತದೆ. ಕೆಳಗೆ ವಿದ್ಯುತ್ತನ್ನು ಸರಿಯಾಗಿ ಹಾಯಿಸದ ಹಳೆಯ ಬಂಡೆ, ಮೇಲೆ ಬಹಳ ಉದ್ದದ ಲೈನುಗಳು. ನೆಲದಲ್ಲಿ ಹುಟ್ಟಿದ ಪ್ರವಾಹ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಮೂಲಕ ಲೈನಿಗೆ ಹತ್ತಿತು. ನಾವಿರುವುದು ಕಾಂತೀಯ ಸಮಭಾಜಕಕ್ಕೆ ಹತ್ತಿರ, ಅದು ತಿರುನೆಲ್ವೇಲಿ ಸುತ್ತಮುತ್ತ ಹಾದುಹೋಗುತ್ತದೆ. ಇಲ್ಲಿ ಕ್ಷೇತ್ರ ಬದಲಾಗುವ ವೇಗ ಅಲ್ಲಿಗಿಂತ ಬಹಳ ಕಡಿಮೆ. ಮೊಬೈಲ್ ಮಾತುಕತೆ ಟವರಿನಿಂದ ಟವರಿಗೆ ಹೋಗುವುದರಿಂದ ಅದಕ್ಕೂ ನೇರ ತೊಂದರೆ ಇಲ್ಲ. ‘ಇವತ್ತು ರಾತ್ರಿ ಫೋನ್ ಆಫ್ ಮಾಡಿ, ಕಿರಣ ಬರುತ್ತಿದೆ’ ಅಂತ ವಾಟ್ಸಾಪಿನಲ್ಲಿ ತಿರುಗುವ ಸಂದೇಶ ಪೂರ್ತಿ ಸುಳ್ಳು. ನಿಮ್ಮ ಮನೆಯ ಹಿರಿಯರಿಗೂ ಹೇಳಿ, ಅವರು ಸುಮ್ಮನೆ ಗಾಬರಿ ಆಗುತ್ತಾರೆ.

ನಮಗೆ ಮುಟ್ಟುವುದು ಜಿಪಿಎಸ್. ಉಪಗ್ರಹದ ಸಂಕೇತ ಅಯಾನುಗೋಳವನ್ನು, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರವನ್ನು, ದಾಟಿ ಬರಬೇಕು. ಬಿರುಗಾಳಿಯಲ್ಲಿ ಹೊರಗಿನ ವಿದ್ಯುತ್ ಕ್ಷೇತ್ರ ಸಮಭಾಜಕದ ತನಕ ನುಗ್ಗಿ ಅಯಾನುಗೋಳವನ್ನು ಮೇಲಕ್ಕೆ ಎತ್ತಬಹುದು, ಕೆಳಕ್ಕೂ ತಳ್ಳಬಹುದು. ಸಂಜೆ ಸೂರ್ಯ ಮುಳುಗಿದ ಮೇಲಿನ ಒಂದೆರಡು ಗಂಟೆ ನಮ್ಮ ಭಾಗದಲ್ಲಿ ಅದು ಮೊದಲೇ ಅಸ್ಥಿರ. ಫೋನಿನ ಮ್ಯಾಪಿನಲ್ಲಿ ಕೆಲವು ಮೀಟರ್ ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಾವೇರಿ ಕಡೆ ಜಿಪಿಎಸ್ ರೋವರ್ ಹಿಡಿದು ಸೆಂಟಿಮೀಟರ್ ಲೆಕ್ಕದಲ್ಲಿ ಜಮೀನಿನ ಹದ್ದು ಅಳೆಯುವವರಿಗೆ, ಡ್ರೋನಿನಿಂದ ಮೆಣಸಿನಕಾಯಿ ಹೊಲಕ್ಕೆ ಔಷಧ ಹೊಡೆಯುವವರಿಗೆ ಇದು ಸಣ್ಣ ಮಾತಲ್ಲ. 2024ರ ಮೇನಲ್ಲಿ ಅಮೆರಿಕದಲ್ಲಿ ಜಿಪಿಎಸ್ ನೋಡಿ ತಾವೇ ಸಾಲು ಹಿಡಿಯುವ ಟ್ರ್ಯಾಕ್ಟರುಗಳು ಗೋವಿನಜೋಳದ ಬಿತ್ತನೆ ಹೊತ್ತಿನಲ್ಲೇ ನಿಂತುಹೋದವು. ನಮ್ಮಲ್ಲಿ ಆ ಸಲ ಬಿರುಗಾಳಿಯ ಮುಖ್ಯ ಹೊಡೆತ ಬೆಳಗಿನ ಜಾವ ಬಂದದ್ದರಿಂದ, ಅಯಾನುಗೋಳ ಇನ್ನೂ ಬೆಳೆದಿರದ ಕಾರಣ ದೊಡ್ಡ ತೊಂದರೆ ಆಗಲಿಲ್ಲ. ಅದೇ ಸಂಜೆ ಏಳಕ್ಕೆ ಬಂದಿದ್ದರೆ ಬೇರೆ ಆಗಬಹುದಿತ್ತು. ಉಪಗ್ರಹಗಳಿಗೆ ಬೇರೆ ಕಾಟ ಇದೆ. ಬಿರುಗಾಳಿಯಲ್ಲಿ ಮೇಲಿನ ವಾತಾವರಣ ಕಾದು ಉಬ್ಬುತ್ತದೆ. 2022ರ ಫೆಬ್ರುವರಿಯಲ್ಲಿ ಸ್ಟಾರ್‌ಲಿಂಕ್ ಹಾರಿಸಿದ 49 ಉಪಗ್ರಹಗಳಲ್ಲಿ ಹೆಚ್ಚಿನವು ಹೀಗೇ ಗಾಳಿಯ ತಡೆಗೆ ಸಿಕ್ಕಿ ಕೆಳಗೆ ಬಿದ್ದು ಸುಟ್ಟುಹೋದವು, ಅದೂ ಒಂದು ಸಾಧಾರಣ ಬಿರುಗಾಳಿಯಲ್ಲಿ.

ಫೋನಿನ ಕಂಪಾಸ್ ಬಗ್ಗೆ ಕೇಳಿದ್ದೀರಿ. ಕಾಂತಮಾಪಕದ ಆ್ಯಪ್ ಹಾಕಿ ಟೇಬಲ್ ಮೇಲಿಟ್ಟರೆ 40 ಮೈಕ್ರೋಟೆಸ್ಲಾ (ಅಂದರೆ 40,000 ನ್ಯಾನೋಟೆಸ್ಲಾ) ಸುತ್ತಮುತ್ತ ತೋರಿಸುತ್ತದೆ, ಅದು ನಮ್ಮ ಜಾಗದ ಕ್ಷೇತ್ರವೇ. ಈಗ ಪಕ್ಕದ ಕಬ್ಬಿಣದ ಕುರ್ಚಿಯನ್ನು ಸ್ವಲ್ಪ ಸರಿಸಿ ನೋಡಿ, ಅಂಕಿ ಒಂದೆರಡು ಮೈಕ್ರೋಟೆಸ್ಲಾ ಜಿಗಿಯುತ್ತದೆ. ಹೊರಗೆ ಬೈಕ್ ಹಚ್ಚಿದರೂ ಅಲುಗಬಹುದು. 2024ರ ಮೇ ಬಿರುಗಾಳಿಯ ಪೂರ್ತಿ ಇಳಿಕೆ 0.4 ಮೈಕ್ರೋಟೆಸ್ಲಾ, ನೂರರಲ್ಲಿ ಒಂದು ಪಾಲು. ಫೋನಿನ ಸೆನ್ಸರಿನ ಸ್ವಂತ ಕಂಪನವೇ ಅದರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಫೋನಿನಲ್ಲಿ ಆಗುವುದಿಲ್ಲ.

ಅದರ ಬದಲು ನಿಮಗೊಂದು ಪ್ರಾಜೆಕ್ಟ್ ಹೇಳುತ್ತೇನೆ, ಖರ್ಚಿಲ್ಲದ್ದು. ನಾಸಾದ ಓಮ್ನಿ ಸಂಗ್ರಹದಲ್ಲಿ ಸೌರ ಮಾರುತದ ಗಂಟೆಗಂಟೆಯ ವೇಗ, ಸಾಂದ್ರತೆ, ಕಾಂತಕ್ಷೇತ್ರದ ಅಂಕಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಡಿಎಸ್‌ಟಿ ಕ್ಯೋಟೋದಲ್ಲಿ ಸಿಗುತ್ತದೆ. 2015ರ ಮಾರ್ಚ್ 17ರ ಬಿರುಗಾಳಿಯಿಂದ ಶುರು ಮಾಡಿ, ಡಿಎಸ್‌ಟಿ ಮೈನಸ್ 220 ದಾಟಿದ ಬಿರುಗಾಳಿ ಅದು, ಅಂಕಿಯೂ ಚೆನ್ನಾಗಿ ಸಿಗುತ್ತದೆ. ಕ್ಷೇತ್ರದ ಉತ್ತರ-ದಕ್ಷಿಣ ಭಾಗಕ್ಕೆ ಬಿ-ಝಡ್ ಅಂತ ಹೆಸರು, ಅದು ಮೈನಸ್ ಇದ್ದಾಗ ದಕ್ಷಿಣಮುಖ. ಪ್ಲಸ್ ಇರುವ ಗಂಟೆಗಳಿಗೆ ವಿದ್ಯುತ್ ಕ್ಷೇತ್ರ ಸೊನ್ನೆ ಅಂತ ಹಾಕಿ, ಉಳಿದವುಗಳಿಗೆ ಮೇಲಿನ ಬರ್ಟನ್ ಸೂತ್ರ ಎಕ್ಸೆಲ್‌ನಲ್ಲಿ ಹಾಕಿ, ಗಂಟೆಯಿಂದ ಗಂಟೆಗೆ ಕೂಡಿಸುತ್ತಾ ಹೋಗಿ. ಬಂದ ಗೆರೆಯನ್ನು ಕ್ಯೋಟೋ ಗೆರೆಯ ಮೇಲೆ ಇಟ್ಟು ನೋಡಿ. ಆಮೇಲೆ ಬಿ-ಝಡ್‌ನ ಚಿಹ್ನೆ ಅದಲುಬದಲು ಮಾಡಿ ಇದೇ ಲೆಕ್ಕ ಮತ್ತೊಮ್ಮೆ ಮಾಡಿ, ಅದೇ ವೇಗದ ಅದೇ ಮಾರುತ ಎಷ್ಟು ಸಣ್ಣ ಬಿರುಗಾಳಿ ಎಬ್ಬಿಸುತ್ತದೆ ಅನ್ನುವುದು ನಿಮ್ಮ ಕೈಯಲ್ಲೇ ಸಿಗುತ್ತದೆ. ಶುರುವಿನ ಒಂದೆರಡು ಗಂಟೆಯಲ್ಲಿ ಎರಡು ಗೆರೆ ಹೊಂದದೆ ಹೋದರೆ ಮಾರುತದ ಒತ್ತಡದ (ಒತ್ತಿದಾಗ ಕ್ಷೇತ್ರ ಥಟ್ಟನೆ ಏರುತ್ತದೆ ಅಂದೆನಲ್ಲ, ಅದರ) ತಿದ್ದುಪಡಿ ಹಾಕಿದ್ದೀರಾ ಅಂತ ಮೊದಲು ನೋಡಿ, ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.